ಸಮುದ್ರ ಕಂಡ ಸವಣೂರ ಎಲೆ

ನನ್ನ ತವರು ಹಿರೇಕೆರೂರು. ನಮ್ಮಲ್ಲಿ ಜೋಳ ಬೆಳೆಯುತ್ತಿದ್ದರು, ಹತ್ತಿ ಬೆಳೆಯುತ್ತಿದ್ದರು, ಮನೆಮನೆಯ ಜಗಳಕ್ಕೆ ಸಾಲುವಷ್ಟು ಮೆಣಸಿನಕಾಯಿಯನ್ನೂ ಬೆಳೆಯುತ್ತಿದ್ದರು. ವೀಳ್ಯದೆಲೆ ಮಾತ್ರ ಸಂತೆಯಿಂದ ಬರುತ್ತಿತ್ತು, ಊಟವಾದ ಮೇಲೆ ಬಾಯಿಗೆ ಹೋಗುತ್ತಿತ್ತು, ಅದರ ಬಗ್ಗೆ ಯಾರೂ ಎರಡು ಮಾತು ಆಡುತ್ತಿರಲಿಲ್ಲ. ಅಂಥ ಊರಿನಿಂದ ನಾನು ಸವಣೂರಿನ ಎಲೆತೋಟದವರ ಮನೆಗೆ ಸೊಸೆಯಾಗಿ ಬಂದೆ. ಇಲ್ಲಿ ಬೆಳಗಾದರೆ ಎಲೆ, ಬೈಗಾದರೆ ಎಲೆ. ಮಗು ಅತ್ತರೆ ಆಮೇಲೆ ನೋಡಿದರಾಯಿತು, ಬುಟ್ಟಿಯ ಎಲೆ ಬಾಡಿದರೆ ಮನೆಯವರೆಲ್ಲ ಓಡಬೇಕು.

ನಮ್ಮತ್ತೆಗೆ ಎಲೆ ಎಂದರೆ ಲಕ್ಷ್ಮಿ. ಎಲೆತೋಟದೊಳಗೆ ಚಪ್ಪಲಿ ಮೆಟ್ಟಿ ಹೋಗಬಾರದು ಎಂಬುದು ಸವಣೂರಿನಲ್ಲಿ ಎಲ್ಲರೂ ನಡೆಸಿಕೊಂಡು ಬಂದ ನೇಮ. ಆದರೆ ನಮ್ಮತ್ತೆಯ ಲೆಕ್ಕದಲ್ಲಿ ತೋಟವೆಂದರೆ ಬೇಲಿಯೊಳಗಿನ ನೆಲವಷ್ಟೇ ಅಲ್ಲ, ಎಲೆ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ತೋಟ. ಕೊಯ್ದ ಎಲೆಯ ಬುಟ್ಟಿ ಪಡಸಾಲೆಗೆ ಬಂತೆಂದರೆ ಪಡಸಾಲೆಯೇ ತೋಟ, ಚಪ್ಪಲಿ ಹೊರಗೆ. ಬೀಗರು ಬಂದರೂ ಅಷ್ಟೆ, ಫೌಜದಾರರು ಬಂದರೂ ಅಷ್ಟೆ. ನನಗಂತೂ ಬುಟ್ಟಿಗೆ ಕೈ ಹಚ್ಚಲಿಕ್ಕೂ ಬಿಡುತ್ತಿರಲಿಲ್ಲ.

“ನಿಮ್ಮ ಹಿರೇಕೆರೂರಾಗ ಎಲಿ ಅಂದ್ರ ದನಾ ತಿನ್ನೋದು. ನೀ ಒಳಗ ಹೋಗಿ ರೊಟ್ಟಿ ಬಡಿ,” ಎನ್ನುತ್ತಿದ್ದಳು.

ಮದುವೆಯಾದಂದಿನಿಂದ ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು ಇದು. ನನ್ನ ನಾದಿನಿಯ ಗಂಡನಿಗೆ ಕೊಂಕಣದ ವೆಂಗುರ್ಲೆಯಲ್ಲಿ, ಸಮುದ್ರದ ದಂಡೆಯ ಉಪ್ಪಿನ ಕಚೇರಿಯಲ್ಲಿ, ಕಾರಕೂನನ ನೌಕರಿ. ನಾದಿನಿ ಅಲ್ಲಿಗೆ ಹೋಗಿ ವರ್ಷವಾಗುವುದರೊಳಗೆ ಬಸುರಿಯಾದಳು. ಏಳನೇ ತಿಂಗಳಿಗೆ ಕುಬಸ ಮಾಡಬೇಕು, ಹಸಿರು ಕುಬಸ ತೊಡಿಸಿ ತವರಿನವರು ಉಡಿ ತುಂಬಬೇಕು. ತವರಿಗೆ ಕರೆತಂದೇ ಮಾಡುವುದು ರೂಢಿ. ಆದರೆ ಅವಳಿಗೆ ಘಟ್ಟ ಹತ್ತುವಷ್ಟು ತ್ರಾಣ ಇರಲಿಲ್ಲ. ಊರೆಲ್ಲ ಮೀನು ಒಣಹಾಕುವ ವಾಸನೆ, ಹೊಟ್ಟೆಗೆ ಹಾಕಿದ್ದು ನಿಲ್ಲುತ್ತಿರಲಿಲ್ಲವಂತೆ. ಆ ಕಡೆ ವ್ಯಾಪಾರಕ್ಕೆ ಹೋಗಿದ್ದ ಹತ್ತಿಮತ್ತೂರಿನವರೊಬ್ಬರು ಸುದ್ದಿ ತಂದರು.

“ಭಾಳ ಸೊರಗ್ಯಾಳ್ರಿ ನಿಮ್ಮ ಮಗಳು. ಸೀರಿ ಬ್ಯಾಡ, ಉಂಡಿ ಬ್ಯಾಡ, ಅವ್ವಗ ನಮ್ಮ ತ್ವಾಟದ ಎಲಿ ಅಷ್ಟ ತರಾಕ ಹೇಳ್ರಿ ಅಂದ್ಲು. ಬಾಯಿಗೆ ರುಚೀನ ಇಲ್ಲಂತ.”

ಅತ್ತೆ ಎದ್ದು ತೋಟಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ ಬಳ್ಳಿಗಳ ನಡುವೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತ್ತೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಜಗತ್ತಿನಲ್ಲಿ ಆಕೆಗೆ ಹೆದರಿಕೆ ಎಂಬುದು ಇದ್ದರೆ ಆ ಒಬ್ಬಳೇ ಮಗಳ ವಿಷಯದಲ್ಲಿ. ಏನೇ ಆಗಲಿ, ಆ ಹುಡುಗಿಯ ಉಡಿಗೆ ನಮ್ಮ ತೋಟದ ಹಸಿರೆಲೆ ಬೀಳಲೇಬೇಕು ಎಂದು ಅವತ್ತೇ ನಿಶ್ಚಯವಾಯಿತು.

ಬೆಳಗಾವಿಗೆ ಹೋಗಿ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದರೆ ವೆಂಗುರ್ಲೆ ಸಿಗುತ್ತಿತ್ತು. ಬುದ್ಧಿ ಇದ್ದವರೆಲ್ಲ ಹಾಗೇ ಹೋಗುತ್ತಿದ್ದರು. ಆದರೆ ನಮ್ಮ ಜೊತೆಗೆ ಹೊರಟವರು ಅತ್ತೆಯ ಅಣ್ಣ. ಹಾನಗಲ್ಲಿನವರಾದ್ದರಿಂದ ಮನೆಯಲ್ಲಿ ಎಲ್ಲರೂ ಅವರನ್ನು ಹಾನಗಲ್ಲದವರು ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಒಮ್ಮೆ ಅಕ್ಕಿಯ ಗಾಡಿಯ ಜೊತೆ ಕುಮಟೆಗೆ ಹೋಗಿ, ಸಮುದ್ರವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ನೋಡಿ ಬಂದಿದ್ದರು. ಆ ಒಂದು ಮಧ್ಯಾಹ್ನವನ್ನು ಅವರು ಅಲ್ಲಿಂದ ಮುಂದೆ ಜೀವನವಿಡೀ ಉಂಡರು. ಹಾನಗಲ್ಲ, ಶಿಗ್ಗಾಂವಿ, ಸವಣೂರು ಈ ಸೀಮೆಯಲ್ಲಿ ಸಮುದ್ರದ ಮಾತು ಬಂದರೆ ಅವರದೇ ಕೊನೆಯ ಮಾತು. ಹಡಗನ್ನು ಮಾತ್ರ ಅವರು ಹತ್ತಿರಲಿಲ್ಲ, ಅದೊಂದು ಕೊರಗು ಉಳಿದಿತ್ತು.

“ಮೋಟಾರಿನ ಝಳಕ್ಕ ಎಲಿ ಬೆಂದ ಹೋಗತಾವ ತಂಗಿ,” ಎಂದರು ಅತ್ತೆಗೆ. “ನಾ ಹೇಳತೇನಿ ಕೇಳು. ಹುಬ್ಬಳ್ಳಿಯಿಂದ ರೈಲು ಹಿಡದು ಗೋವಾಕ್ಕ ಹೋಗೋಣು. ಮುರಗಾಂವ ಬಂದರದಾಗ ಆಗಬೋಟು ಹತ್ತೋಣು. ತಣ್ಣಗ ಗಾಳಿ. ಎಲಿ ಬಳ್ಳಿ ಮ್ಯಾಲ ಇದ್ದಂಗ ಇರತಾವ.”

ಹೊಗೆ ಬಿಡುವ ದೊಡ್ಡ ಹಡಗಿಗೆ ನಮ್ಮ ಕಡೆ ಆಗಬೋಟು ಎನ್ನುತ್ತಿದ್ದರು. ಎಲೆ ಬೇಯುತ್ತದೆ ಎಂಬ ಒಂದೇ ಮಾತಿಗೆ ಅತ್ತೆ ಒಪ್ಪಿದಳು. ಮಾವನವರು ತೋಟ ಬಿಟ್ಟು ಬರುವಂತಿರಲಿಲ್ಲ, ನನ್ನ ಗಂಡನಿಗೆ ನೀರು ಹಾಯಿಸುವ ಕೆಲಸ. ತವರಿನಿಂದ ಇಬ್ಬರು ಮುತ್ತೈದೆಯರಾದರೂ ಬೇಕಲ್ಲ ಎಂದು ನನ್ನನ್ನು ಸೇರಿಸಿಕೊಂಡರು. ಹೊರಡುವ ಮುನ್ನ ಅತ್ತೆ ಮನೆದೇವರಿಗೆ ಕಾಯಿ ಒಡೆಸಿದಳು, ಹುಲಗೂರಿನ ದರ್ಗಾಕ್ಕೆ ಸಕ್ಕರೆ ಕಳಿಸಿದಳು. ಸಮುದ್ರ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ, ಎರಡೂ ಕಡೆ ಹೇಳಿಟ್ಟರೆ ಒಳ್ಳೆಯದು ಎಂಬ ವಿಚಾರ.

ಎಲೆಯನ್ನು ಪೆಂಡಿ ಕಟ್ಟಿ ಎರಡು ಬುಟ್ಟಿಗಳಲ್ಲಿ ತುಂಬಿದಳು. ಕೆಳಗೆ ಬಾಳೆಎಲೆ, ಮೇಲೆ ಒದ್ದೆ ಗೋಣಿ. ಅವುಗಳಿಗೆ ಹೊತ್ತುಹೊತ್ತಿಗೆ ನೀರು ಚಿಮುಕಿಸಬೇಕು, ಮಗುವನ್ನು ಮಗ್ಗುಲು ಬದಲಿಸಿದ ಹಾಗೆ ಪೆಂಡಿಗಳನ್ನು ತಿರುವಿ ಹಾಕಬೇಕು. ಬಂದರದ ನೆಲದಲ್ಲಿ ಕಬ್ಬಿಣದ ಚೂರು, ಕಲ್ಲಿದ್ದಲು ಇರುತ್ತದೆ ಎಂದು ಹಾನಗಲ್ಲದವರು ಹೆದರಿಸಿದ್ದಕ್ಕೆ ಅತ್ತೆ ಹೊಸ ಚಪ್ಪಲಿ ಹೊಲಿಸಿಕೊಂಡಳು. ಅವು ನಡೆದರೆ ಕಿರ್ ಕಿರ್ ಎನ್ನುತ್ತಿದ್ದವು.

ಸವಣೂರಿನಿಂದ ಶಿಗ್ಗಾಂವಿಯ ಮೇಲೆ ಹುಬ್ಬಳ್ಳಿಗೆ ಸರ್ವೀಸ್ ಮೋಟಾರಿನಲ್ಲಿ ಹೋದದ್ದನ್ನು ಹೇಳುವುದಿಲ್ಲ, ಏಕೆಂದರೆ ನಾನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಬುಟ್ಟಿಗಳನ್ನು ಡಬ್ಬಿಯ ನಡುವೆ ಇಟ್ಟದ್ದೇ ತಡ, ಅತ್ತೆ ತನ್ನ ಚಪ್ಪಲಿ ಬಿಚ್ಚಿ ಬಾಗಿಲ ಬಳಿ ಇಟ್ಟು ಡಬ್ಬಿಯವರ ಕಡೆ ತಿರುಗಿದಳು.

“ಎಲ್ಲಾರೂ ಕಾಲಾಗಿನ್ವು ತಗೀರಿ. ಎಲಿ ಅದಾವ.”

ಎದುರಿಗೆ ಕೂತಿದ್ದ ದಪ್ಪನೆಯ ವ್ಯಾಪಾರಿಯೊಬ್ಬರು ನಕ್ಕರು. “ಅವ್ವಾರ, ಇದು ರೈಲು ಐತ್ರಿ, ತ್ವಾಟ ಅಲ್ಲ.”

“ಎಲಿ ಇದ್ದಲ್ಲೆ ತ್ವಾಟ,” ಎಂದಳು ಅತ್ತೆ. “ನಿಮ್ಮ ಮನ್ಯಾಗ ಶುಭಕಾರ್ಯಕ್ಕ ಎಲಿ ಇಡತೀರಿಲ್ಲೋ? ಅದರ ಮ್ಯಾಲೂ ಕಾಲಿಡತೀರೇನು?”

ಶುಭಕಾರ್ಯದ ಮಾತು ಬಂದ ಮೇಲೆ ಯಾರು ಎದುರಾಡುತ್ತಾರೆ? ವ್ಯಾಪಾರಿ ಬಿಚ್ಚಿದರು, ಅವರನ್ನು ನೋಡಿ ಪಕ್ಕದವರು ಬಿಚ್ಚಿದರು, ಧಾರವಾಡದಲ್ಲಿ ಹತ್ತಿದ ಕಾಲೇಜಿನ ಹುಡುಗರು ಯಾಕೆ ಏನು ಎಂದು ಕೇಳದೆ ಬಿಚ್ಚಿದರು. ನಮ್ಮ ಡಬ್ಬಿಯ ಬಾಗಿಲು ಮಠದ ಬಾಗಿಲಿನಂತಾಯಿತು. ಲೋಂಡಾದಲ್ಲಿ ಗಾಡಿ ಬದಲಿಸುವಾಗ ಒಬ್ಬರ ಚಪ್ಪಲಿ ಒಬ್ಬರ ಕಾಲಿಗೆ ಹೋಗಿ ದೊಡ್ಡ ಗದ್ದಲವೆದ್ದಿತು. ಆ ಗದ್ದಲದಲ್ಲಿ ನಾವು ಬುಟ್ಟಿ ಹೊತ್ತು ಸದ್ದಿಲ್ಲದೆ ಇನ್ನೊಂದು ಗಾಡಿ ಹತ್ತಿದೆವು.

ಗೋವೆಯಲ್ಲಿ ಆಗ ಫಿರಂಗಿಯವರ ರಾಜ್ಯ. ಗಡಿಯಲ್ಲಿ ಗಾಡಿ ನಿಲ್ಲಿಸಿ ಸುಂಕದವರು ಗಂಟುಮೂಟೆ ಬಿಚ್ಚಿಸುತ್ತಿದ್ದರು. ನಮ್ಮ ಡಬ್ಬಿಗೆ ಬಂದವನ ಕಾಲಿಗೆ ಮೊಣಕಾಲವರೆಗೆ ಕರಿ ಬೂಟು, ಬೂಟಿಗೆ ಮೇಲಿಂದ ಕೆಳಗಿನವರೆಗೆ ಲಾಡಿ. ಅವನು ಬುಟ್ಟಿಯ ಕಡೆ ಕೈ ಚಾಚುತ್ತಲೇ ಅತ್ತೆ ಅಡ್ಡ ನಿಂತಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ನಮ್ಮತ್ತೆ ಹೇಳಿಕೊಳ್ಳಲಿಲ್ಲ.

“ಬೂಟ ತಗಿಯೋ ಯಪ್ಪಾ. ಒಳಗ ಲಕ್ಷ್ಮಿ ಅದಾಳ.”

ಹಾನಗಲ್ಲದವರಿಗೆ ಮರಾಠಿ ಬರುತ್ತಿತ್ತು, ಅದರಲ್ಲಿ ಅವರು ಏನೋ ಹೇಳಿದರು. ಸುಂಕದವನು ಅತ್ತೆಯ ಬರಿಗಾಲು ನೋಡಿದ, ತನ್ನ ಬೂಟಿನ ಲಾಡಿ ನೋಡಿಕೊಂಡ, ಇಷ್ಟನ್ನೂ ಬಿಚ್ಚಿ ಮತ್ತೆ ಕಟ್ಟುವುದು ಯಾರಿಗೆ ಬೇಕು ಎನ್ನುವಂತೆ ಉಸಿರುಬಿಟ್ಟ. ಬುಟ್ಟಿಗೆ ದೂರದಿಂದಲೇ ಸುಣ್ಣದ ಕಡ್ಡಿಯಲ್ಲಿ ಗೀಟು ಎಳೆದು ಹೋಗಿಬಿಟ್ಟ. ನೀವು ಏನು ಹೇಳಿದಿರಿ ಎಂದು ನಾನು ಹಾನಗಲ್ಲದವರನ್ನು ಕೇಳಿದೆ.

“ಮುದುಕಿಗೆ ತಲಿ ಸರಿ ಇಲ್ಲ ಅಂದೆ,” ಎಂದು ಪಿಸುಗುಟ್ಟಿದರು.

ಮುಂದೆ ಘಟ್ಟದಲ್ಲಿ ಹಾಲು ಸುರಿದಂಥ ದೊಡ್ಡ ಧಬಧಬೆಯ ಪಕ್ಕದಲ್ಲೇ ಗಾಡಿ ಹಾದುಹೋಯಿತು. ಎಲ್ಲರೂ ಕೈ ಮುಗಿದರು. ಅತ್ತೆ ಮಾತ್ರ “ಎಷ್ಟು ನೀರು ದಂಡ ಹೊಂಟೈತಿ ನೋಡು,” ಎಂದಳು.

ಮುರಗಾಂವಿಗೆ ಮುಟ್ಟಿದಾಗ ಸಂಜೆ. ಧರ್ಮಶಾಲೆಯಲ್ಲಿ ಬುಟ್ಟಿ ಇಳಿಸಿ ಮಲಗಿದೆವು. ಬೆಳಿಗ್ಗೆ ಎದ್ದು ಬಂದರಕ್ಕೆ ಹೋದಾಗ ನನಗೆ ಯಾವ ಕಡೆ ನೋಡಲಿ ಎಂದು ತಿಳಿಯದಾಯಿತು. ಸವಣೂರಿನ ಸಂತೆ, ಶಿಗ್ಗಾಂವಿಯ ಸಂತೆ ಎರಡನ್ನೂ ಒಟ್ಟಿಗೆ ಸುರಿದರೂ ಅಷ್ಟು ಜನ ಆಗಲಿಕ್ಕಿಲ್ಲ. ಲಂಗ ತೊಟ್ಟ ಹೆಂಗಸರು ಛತ್ರಿ ಹಿಡಿದು ಹೊರಟಿದ್ದರು. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಪಾವು ಎಂಬ ಉಬ್ಬಿದ ರೊಟ್ಟಿ ಮಾರುವವನು ಪೋಂ ಪೋಂ ಎನ್ನಿಸುತ್ತಾ ಬಂದ. ಕ್ರಿಸ್ತರ ಇಗರ್ಜಿಯ ಗಂಟೆ ಒಂದು ಕಡೆ, ಹಡಗಿನ ಸೀಟಿ ಒಂದು ಕಡೆ. ಕೆಂಪು ಮುಖದ, ಹಡಗಿನ ಖಲಾಸಿಗಳು ಬೆಳಿಗ್ಗೆಯೇ ಕುಡಿದು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹಾಡುತ್ತಿದ್ದರು. ಕಬ್ಬಿಣದ ಕೊಕ್ಕೆಯೊಂದು ಆಕಾಶದಿಂದ ಇಳಿದು ಹತ್ತು ಹಮಾಲರ ಹೊರೆಯನ್ನು ಎತ್ತಿಕೊಂಡು ಹೋಯಿತು. ನಾನು ಬಾಯಿ ತೆರೆದು ನೋಡುತ್ತಾ ನಿಂತೆ. ಇಂಥದ್ದನ್ನು ನೋಡದೇ ಸತ್ತುಹೋಗುವ ಹಿರೇಕೆರೂರಿನವರ ಬಗ್ಗೆ ನನಗೆ ನಿಜವಾಗಿಯೂ ಕನಿಕರವಾಯಿತು.

ಅತ್ತೆ ಮೀನಿನ ವಾಸನೆಗೆ ಮೂಗಿನ ಮೇಲೆ ಸೆರಗು ಹಿಡಿದು, ಕಿರ್ ಕಿರ್ ಎಂದು ನಡೆದು, ಹಡಗು ನಿಲ್ಲುವ ಧಕ್ಕೆಯ ಅಂಚಿನಲ್ಲಿ ನಿಂತಳು. ಮುಂದೆ ಕಣ್ಣು ಹೋದಷ್ಟು ದೂರ ಸಮುದ್ರ. ಹಾನಗಲ್ಲದವರು ತಾವೇ ತೋಡಿಸಿದ ಬಾವಿಯನ್ನು ತೋರಿಸುವವರಂತೆ ಕೈ ಬೀಸಿ, “ಹೆಂಗೈತಿ?” ಎಂದರು.

ಅತ್ತೆ ಬಹಳ ಹೊತ್ತು ನೋಡಿದಳು.

“ಇಷ್ಟ ನೀರ ಇಟಗೊಂಡು ಒಂದು ಎಲಿಬಳ್ಳಿ ಹಚ್ಚಿಲ್ಲಲ್ಲೋ,” ಎಂದಳು. “ಎಂಥಾ ಮೈಗಳ್ಳ ಮಂದಿ.”

ಆಗಬೋಟು ಮಧ್ಯಾಹ್ನಕ್ಕಿತ್ತು. ಬೆಳಗಿನ ನೀರು ಎಲೆಗೆ ಇನ್ನೂ ಆಗಿರಲಿಲ್ಲ. ಧರ್ಮಶಾಲೆಯವನನ್ನು ಕೇಳಿದರೆ, ಕುಡಿಯುವ ನೀರನ್ನೇ ದೂರದಿಂದ ಹೊತ್ತು ತರುತ್ತೇವೆ, ಒಬ್ಬೊಬ್ಬರಿಗೆ ಒಂದು ತಂಬಿಗೆ, ಸೊಪ್ಪಿಗೆ ಸ್ನಾನ ಮಾಡಿಸಲು ಕೊಡುವುದಿಲ್ಲ ಎಂದುಬಿಟ್ಟ. ತನ್ನ ಎಲೆಯನ್ನು ಸೊಪ್ಪು ಎಂದದ್ದಕ್ಕೆ ಅತ್ತೆಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಿಂದ ಎಲೆ ಒದ್ದೆಯಾಗುವುದಿಲ್ಲ. ಗೋಣಿ ಒಣಗುತ್ತಾ ಬಂದಿತ್ತು.

“ಕಣ್ಣ ಮುಂದ ಸಮುದ್ರ ಇಟಗೊಂಡು ತಂಬಿಗಿ ನೀರಿಗೆ ಯಾಕ ಬೇಡತೀ?” ಎಂದರು ಹಾನಗಲ್ಲದವರು. “ಎರಡೂ ಬುಟ್ಟಿ ಒಮ್ಮೆ ಅದ್ದಿ ತಗದ್ರ ಊರು ಮುಟ್ಟೂತನಕಾ ಚಿಂತಿಲ್ಲ.”

“ಉಪ್ಪ ಅಲ್ಲೇನೋ ಅದು?”

“ಉಪ್ಪ ಅಂತನ ಹೇಳತೇನಿ. ಮಾವಿನಕಾಯಿ ಹಂಗ ಇಟ್ರ ನಾಕ ದಿನಕ್ಕ ಕೊಳೀತೈತಿ. ಉಪ್ಪಿನಾಗ ಹಾಕಿದ್ರ ವರ್ಷಾನಗಟ್ಟಲೆ ಇರತೈತಿ. ಕಾಯಿಗೆ ಆಗೋದು ಎಲಿಗೆ ಯಾಕ ಆಗೂದಿಲ್ಲ?”

ಹಾನಗಲ್ಲ ಮಾವಿನ ಸೀಮೆ, ಉಪ್ಪಿನಕಾಯಿಯ ವಿಷಯದಲ್ಲಿ ಅವರ ಮಾತಿಗೆ ತೂಕವಿತ್ತು. ಆದರೂ ಅತ್ತೆ ಅನುಮಾನಿಸಿದಳು. ಆಗ ಅವರು ಕೊನೆಯ ಬಾಣ ಬಿಟ್ಟರು.

“ಅಷ್ಟಕ್ಕೂ ಇದು ಯಾರ ನೀರು? ಎಲ್ಲಾ ಹೊಳಿ ಬಂದು ಸಮುದ್ರಕ್ಕ ಕೂಡತಾವ. ನಮ್ಮ ವರದಾ ಹೊಳೀನೂ ಬಂದು ಕೂಡೈತಿ. ನಿನ್ನ ತ್ವಾಟದ ಹಳ್ಳ ವರದಾಕ್ಕ ಕೂಡತೈತಿಲ್ಲೋ? ಅಂದ ಮ್ಯಾಲ ಇದು ನಿನ್ನ ತ್ವಾಟದ್ದ ನೀರು.”

ವರದೆ ನಮ್ಮ ಸೀಮೆಯಿಂದ ಮೂಡಣಕ್ಕೆ ಹರಿಯುತ್ತಾಳೆ, ಪಡುವಣ ಸಮುದ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಇದು ನಮ್ಮ ಮೂವರಿಗೂ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆದರೆ ಪರಊರಿನಲ್ಲಿ ತಮ್ಮ ಹೊಳೆಯ ಹೆಸರು ಕೇಳಿದರೆ ಮನುಷ್ಯರಿಗೆ ದಿಕ್ಕು ತಪ್ಪುತ್ತದೆ. ಅತ್ತೆಯ ಮುಖ ಅರಳಿತು. ನಾನು ಮಾತ್ರ ಧಕ್ಕೆಯ ಮೆಟ್ಟಿಲು ಇಳಿದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಬಾಯೆಲ್ಲ ಕಹಿಯಾಗುವಷ್ಟು ಉಪ್ಪು. ಥೂ ಎಂದು ಉಗುಳಿದೆ.

“ಅತ್ತೀ, ಬ್ಯಾಡ್ರಿ. ಭಾಳ ಉಪ್ಪೈತ್ರಿ. ಎಲಿ ಸುಡತಾವ.”

“ನಿಮ್ಮ ಹಿರೇಕೆರೂರಾಗ ಎಲಿ ಬೆಳೀತೀರೇನು?” ಎಂದಳು ಅತ್ತೆ.

ಅತ್ತೆ ಚಪ್ಪಲಿ ಬಿಚ್ಚಿಟ್ಟು, ಸೆರಗು ಕಟ್ಟಿ, ಸಮುದ್ರಕ್ಕೆ ಕೈ ಮುಗಿದು, ಧರ್ಮಶಾಲೆಯಿಂದ ತರಿಸಿದ ಎರಡೂ ಬುಟ್ಟಿಗಳನ್ನು ಅದ್ದಿ ಅದ್ದಿ ತೆಗೆದಳು. ನೀರಿನ ಮೇಲೆ ದೋಣಿಯಲ್ಲಿ ಕೂತವರು ಹುಟ್ಟು ಹಾಕುವುದನ್ನು ಬಿಟ್ಟು ನೋಡಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವವರನ್ನು ಅವರು ಕೇಳಿರಬಹುದು, ಸಮುದ್ರದಲ್ಲಿ ವೀಳ್ಯದೆಲೆ ತೊಳೆಯುವವರನ್ನು ಅವತ್ತೇ ಕಂಡಿರಬೇಕು.

ಆಮೇಲೆ ಬುಟ್ಟಿಗಳನ್ನು ಧರ್ಮಶಾಲೆಯಲ್ಲಿಟ್ಟು ನಿಶ್ಚಿಂತೆಯಿಂದ ಊರು ತಿರುಗಿದೆವು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಉಂಡು, ಹಡಗಿಗೆ ಹೊತ್ತಾಯಿತೆಂದು ಅತ್ತೆ ಪೆಂಡಿ ತಿರುವಿ ಹಾಕಲು ಗೋಣಿ ಎತ್ತಿದಳು. ಎತ್ತಿದವಳು ಹಾಗೇ ಕೂತುಬಿಟ್ಟಳು.

ಎಲೆಗಳು ಹಳೆಯ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಅಂಚಿನಿಂದ ಕಪ್ಪು ಏರುತ್ತಿತ್ತು. ಎರಡನೇ ಬುಟ್ಟಿಯೂ ಹಾಗೆಯೇ. ನಡುವಿನ ಪೆಂಡಿಗಳಲ್ಲಿ ಅಲ್ಲಲ್ಲಿ ಒಂದಿಷ್ಟು ಹಸಿರು ಉಳಿದಿತ್ತು, ಅಷ್ಟೆ. ಹಾನಗಲ್ಲದವರು ಒಂದು ಎಲೆ ಎತ್ತಿ, ಬೆಳಕಿಗೆ ಹಿಡಿದು, ಕುಮಟೆಯ ಸಮುದ್ರ ಹೀಗಿರಲಿಲ್ಲ ಎಂದರು. ಅತ್ತೆ ಅವರನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ನಾ ಬರೂದಿಲ್ಲ,” ಎಂದಳು. “ಅಕಿ ಏನೂ ಕೇಳಿಲ್ಲ, ಎಲಿ ಅಷ್ಟ ಕೇಳ್ಯಾಳ. ಉಡಿಗೆ ಕರಿ ಎಲಿ ಹಾಕಲೇನು? ಯಾವ ಮಾರಿ ತೋರಿಸಲಿ?”

ಬಾಡಿದ ಎಲೆ ಉಡಿಗೆ ಹಾಕುವುದು ಅಪಶಕುನ. ಅದು ಹಿರೇಕೆರೂರಿನವಳಾದ ನನಗೂ ಗೊತ್ತಿತ್ತು. ಆಕೆಯನ್ನು ಎಬ್ಬಿಸಿ, ಇಲ್ಲಿಯ ಪೇಟೆಯಲ್ಲಾದರೂ ಎಲೆ ಸಿಗುತ್ತದೇನೋ ನೋಡೋಣ ಎಂದು ಹೊರಡಿಸಿದೆ. ಪೇಟೆಯ ಕೊನೆಯಲ್ಲಿ, ಒಂದು ಮರದ ಕೆಳಗೆ, ಮುಡಿ ತುಂಬ ಅಬ್ಬಲಿಗೆ ಮುಡಿದ ಕೊಂಕಣಿ ಹೆಂಗಸೊಬ್ಬಳು ಎಲೆ ಹರವಿಕೊಂಡು ಕೂತಿದ್ದಳು. ಅತ್ತೆ ಕಿರ್ ಕಿರ್ ಎಂದು ಅವಳ ಚಾಪೆಯ ತನಕ ಹೋಗಿ, ಒಂದೆಲೆ ಎತ್ತಿ, ಮೂಸಿ, ಹರಿದು, ಅಗಿದು ಉಗುಳಿದಳು.

“ಇದು ಎಲಿ ಏನು? ಎಮ್ಮೀ ತೊಗಲು! ಇದರಾಗ ಚಪ್ಪಲಿ ಹೊಲೀಬೇಕು.”

ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತನ್ನ ಎಲೆಯನ್ನು ಬೈದದ್ದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವಳು ಎದ್ದು ನಿಂತು ಕೊಂಕಣಿಯಲ್ಲಿ ಶುರುಮಾಡಿದಳು. ಅತ್ತೆ ಸವಣೂರಿನ ಮಾತಿನಲ್ಲಿ ಉತ್ತರ ಕೊಟ್ಟಳು. ಒಬ್ಬರ ಒಂದು ಮಾತೂ ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಒಂದು ಮಾತಿಗೂ ಬಾಕಿ ಉಳಿಸಲಿಲ್ಲ. ಅವಳು ನಡುನಡುವೆ ಅತ್ತೆಯ ಕಾಲಿನ ಕಡೆ ಬೆರಳು ಮಾಡಿ ಮತ್ತಷ್ಟು ಕೂಗುತ್ತಿದ್ದಳು. ನನ್ನ ಕಾಲು ಮುರಿಯುತ್ತೇನೆ ಅಂತಾಳೆ ಎಂದುಕೊಂಡು ಅತ್ತೆ ಇನ್ನೂ ಕೆರಳಿದಳು. ಕೊನೆಗೆ ಎಲೆ ಕೊಳ್ಳದೆಯೇ ಸೆರಗು ಝಾಡಿಸಿ ಹೊರಟಳು.

ನಾಲ್ಕು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಬಂದರದಿಂದ ಆಗಬೋಟಿನ ಮೊದಲ ಸೀಟಿ ಕೇಳಿಸಿತು. ಅತ್ತೆ ನಿಂತಳು. ಬೇರೆ ಎಲೆ ಹುಡುಕಲು ಹೊತ್ತಿರಲಿಲ್ಲ. ಮಗಳ ಉಡಿ ಒಂದು ಕಡೆ, ಮಾನ ಒಂದು ಕಡೆ. ತಿರುಗಿ ಬಂದಳು. ಬರುವಾಗ ಅವಳ ಕಣ್ಣು ಚಾಪೆಯ ಆಚೆ ಬಿತ್ತು. ಎಲೆ ಕೊಳ್ಳಲು ಬಂದವರೆಲ್ಲ ತಮ್ಮ ಚಪ್ಪಲಿಗಳನ್ನು ಮರದ ಬುಡದಲ್ಲಿ ಸಾಲಾಗಿ ಬಿಟ್ಟು ಬರುತ್ತಿದ್ದರು. ಅತ್ತೆ ಬಗ್ಗಿ ತನ್ನ ಕಾಲು ನೋಡಿಕೊಂಡಳು.

ಡಬ್ಬಿ ತುಂಬ ಜನರ ಚಪ್ಪಲಿ ಬಿಚ್ಚಿಸಿದವಳು, ಫಿರಂಗಿಯವನ ಬೂಟು ಬಿಚ್ಚಿಸಲು ನಿಂತವಳು, ಕಿರ್ ಕಿರ್ ಎನ್ನುವ ಹೊಸ ಚಪ್ಪಲಿಯಲ್ಲಿ ಎಲೆಯ ಚಾಪೆಯ ಮೇಲೇ ನಿಂತು ಬಂದಿದ್ದಳು! ಮುಖ ಕೆಂಪಾಯಿತು. ಚಪ್ಪಲಿಯನ್ನು ಮರದ ಬುಡಕ್ಕೂ ಆಚೆ, ರಸ್ತೆಯಲ್ಲಿ ಬಿಟ್ಟು ಬಂದು, ಕೈ ಮುಗಿದಳು. ಮೊದಲು ಎಲೆಗೆ, ಆಮೇಲೆ ಆ ಹೆಂಗಸಿಗೆ.

“ತಪ್ಪಾತವ್ವಾ. ನೀನೂ ನಮ್ಮಾಕಿನ,” ಎಂದಳು.

ಆ ಹೆಂಗಸು ಸೊಂಟದ ಮೇಲಿನ ಕೈ ಇಳಿಸಿದಳು. ನಾನು ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ, ಉಡಿ ಒಡ್ಡಿ ತೋರಿಸಿದೆ. ಅವಳು ಹರವಿದ್ದ ಎಲೆಯನ್ನು ಬಿಟ್ಟು ಹಿಂದಿನ ಬುಟ್ಟಿಯಿಂದ ಎಳೆಯ ಎಲೆ ಆರಿಸಿ ಕಟ್ಟಿಕೊಟ್ಟಳು, ಮೇಲೆ ತನ್ನ ಮುಡಿಯ ಅಬ್ಬಲಿಗೆಯ ತುಂಡನ್ನೂ ಇಟ್ಟಳು.

ಧಕ್ಕೆಗೆ ಓಡುವಾಗ ಅತ್ತೆ ನಮ್ಮಿಬ್ಬರಿಗೂ ತಾಕೀತು ಮಾಡಿದಳು. “ಮಗಳ ಮುಂದ ಯಾರೂ ಬಾಯಿ ಬಿಡಂಗಿಲ್ಲ. ಇವು ನಮ್ಮ ತ್ವಾಟದ್ದ ಎಲಿ.” ಕರಿ ಎಲೆಯನ್ನು ಸಮುದ್ರಕ್ಕೇ ಹಾಕಿಬಿಡೋಣ ಎಂದೆ. ಲಕ್ಷ್ಮಿಯನ್ನು ಎಸೆಯುವುದೆಂತು ಎಂದು ಅವನ್ನೂ ಒಂದು ಬುಟ್ಟಿಗೆ ತುಂಬಿ, ಮುಚ್ಚಿ, ಹಡಗು ಹತ್ತಿಸಿದಳು.

ಆಗಬೋಟು ಬಂದರ ಬಿಟ್ಟಾಗ ನಾನು ಕಟಕಟೆ ಹಿಡಿದು ನಿಂತಿದ್ದೆ. ನನಗೆ ಅಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಜೀವಮಾನವೆಲ್ಲ ಹಡಗಿಗಾಗಿ ಕಾದಿದ್ದ ಹಾನಗಲ್ಲದವರು ದಂಡೆ ಕಣ್ಮರೆಯಾಗುವ ಮೊದಲೇ ಹೊಟ್ಟೆ ಹಿಡಿದುಕೊಂಡು ಮಲಗಿದರು. ಮೋಟಾರಿನಲ್ಲಿ ನನ್ನನ್ನು ನೋಡಿ ನಕ್ಕಿದ್ದರು, ಈಗ ನಾನು ನಕ್ಕೆ.

ದೀಪ ಹಚ್ಚುವ ಹೊತ್ತಿಗೆ ವೆಂಗುರ್ಲೆ. ಹಡಗು ದೂರ ನಿಂತಿತು, ಸಣ್ಣ ದೋಣಿಗೆ ಇಳಿದು ದಂಡೆ ಸೇರಿದೆವು. ನಾದಿನಿ ಗಂಡನ ಜೊತೆ ಕಾಯುತ್ತಾ ನಿಂತಿದ್ದಳು. ಮೈಯೆಲ್ಲ ಇಳಿದು ಹೋಗಿ ಹೊಟ್ಟೆಯೊಂದೇ ಕಾಣುತ್ತಿತ್ತು. ಅವ್ವನನ್ನು ಅಪ್ಪಿಕೊಂಡಳು, ಅತ್ತಳು, ಮನೆಗೆ ಹೋಗುವವರೆಗೂ ತಡೆಯದೆ, “ಅವ್ವಾ, ಎಲಿ ಎಲ್ಲೆ?” ಎಂದಳು.

ಅತ್ತೆ ಅಬ್ಬಲಿಗೆಯ ಕಟ್ಟು ಬಿಚ್ಚಿ ಒಂದು ಎಳೆಯ ಎಲೆ ಕೊಟ್ಟಳು. ನಾದಿನಿ ಮಡಚಿ ಬಾಯಿಗಿಟ್ಟುಕೊಂಡಳು. ಎರಡು ಸಲ ಅಗಿದು ನಿಲ್ಲಿಸಿದಳು.

“ಅವ್ವಾ, ಇದು ನಮ್ಮದಲ್ಲ.”

“ಸಮುದ್ರದ ಗಾಳಿ ಹೊಡದೈತವಾ, ಅದಕ್ಕ,” ಎಂದರು ಹಾನಗಲ್ಲದವರು ನೆಲ ಹಿಡಿದು ಕೂತಲ್ಲಿಂದಲೇ.

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಆ ಮರಳಿನ ಮೇಲೆಯೇ ಅಳುತ್ತಾ ತಂಬಿಗೆ ನೀರು, ಉಪ್ಪಿನಕಾಯಿ, ವರದಾ ಹೊಳೆ ಎಲ್ಲವನ್ನೂ ಹೇಳಿಬಿಟ್ಟಳು. ನಾದಿನಿ ಕೇಳಿ ಮುಗಿಸುವ ಮೊದಲೇ ಮುಚ್ಚಿದ ಬುಟ್ಟಿಯ ಮುಂದೆ ಕೂತಿದ್ದಳು. ಕೈಯಾಡಿಸಿ ಒಂದು ಕರಿ ಎಲೆ ತೆಗೆದು, ಅತ್ತೆ “ಬ್ಯಾಡ, ಬ್ಯಾಡ” ಎನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ನಾವೆಲ್ಲ ಅವಳ ದವಡೆಯನ್ನೇ ನೋಡುತ್ತಾ ನಿಂತೆವು.

“ಇದ ನೋಡು ನಮ್ಮದು,” ಎಂದಳು. “ಅವ್ವಾ, ಉಪ್ಪುಪ್ಪು ಎಷ್ಟ ರುಚಿ ಐತಿ! ಇನ್ನೊಂದು ಕೊಡು.”

ಹೊಟ್ಟೆಯಲ್ಲಿ ಕೂಸಿದ್ದವರ ನಾಲಿಗೆಗೆ ಏನು ಬೇಕು ಎಂದು ಯಾರು ಬಲ್ಲರು? ಅವತ್ತು ರಾತ್ರಿ ಅವಳು ತಿಂಗಳುಗಳ ಮೇಲೆ ಎರಡು ರೊಟ್ಟಿ ಉಂಡು ದಕ್ಕಿಸಿಕೊಂಡಳು. ಮರುದಿನ ಉಡಿ ತುಂಬುವಾಗ ಅತ್ತೆ ಕೊಂಕಣಿಯವಳ ಹಸಿರೆಲೆ ಹಾಕಿದಳು. ನಾದಿನಿ ಉಡಿ ಹಿಡಿದುಕೊಂಡೇ, ತವರಿನದೂ ಹಾಕು ಎಂದು ಹಟ ಹಿಡಿದು ಕರಿ ಎಲೆಯನ್ನೂ ಹಾಕಿಸಿಕೊಂಡಳು. ಉಪ್ಪಿನ ಕಚೇರಿಯ ಅಳಿಯ ಮಾತ್ರ, ದಿನವೆಲ್ಲ ಉಪ್ಪು ನೋಡಿ ಮನೆಗೆ ಬಂದರೆ ಅತ್ತೆಯವರೂ ಉಪ್ಪನ್ನೇ ತಂದಿದ್ದಾರೆ ಎಂದು ನಗುತ್ತಿದ್ದ. ಮುಂದೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು.

ಕೆಲವು ವರ್ಷಗಳಾದ ಮೇಲೆ, ಯುದ್ಧ ನಡೆದಿದ್ದಾಗ, ನಾದಿನಿ ಎರಡನೇ ಸಲ ಬಸುರಿಯಾದಳು. ಅಳಿಯನೇ ಸವಣೂರಿಗೆ ಬಂದು ಹೇಳಿದ, ಅವಳಿಗೆ ಹಸಿರೆಲೆ ಬೇಡವಂತೆ, ಕರಿ ಎಲೆಯೇ ಬೇಕಂತೆ. ಅತ್ತೆ ಹಣೆ ಹಣೆ ಬಡಿದುಕೊಂಡಳು. ಮರುದಿನ ಬೆಳಿಗ್ಗೆ ನಾನು ನೀರು ತಂದು ಹಿತ್ತಲಿಗೆ ಹೋದರೆ, ಅತ್ತೆ ಬಾಗಿಲು ಅರೆ ಮುಚ್ಚಿಕೊಂಡು, ತಾಮ್ರದ ಹಂಡೆಯ ನೀರಿಗೆ ಉಪ್ಪು ಸುರಿದು ಕೈಯಾಡಿಸುತ್ತಿದ್ದಳು. ಪಕ್ಕದಲ್ಲಿ ಎಲೆಯ ಬುಟ್ಟಿ.

“ಯಾರ ಮುಂದೂ ಹೇಳಬ್ಯಾಡ,” ಎಂದಳು. “ಸವಣೂರಾಗ ಎಲಿತ್ವಾಟದಾಕಿ ಎಲಿಗೆ ಉಪ್ಪ ಹಾಕಿದ್ಲು ಅಂದ್ರ ನಾವು ಊರ ಬಿಡಬೇಕಾಗತೈತಿ.”

ಒಂದು ಬೆರಳು ಅದ್ದಿ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಅವತ್ತು ಧಕ್ಕೆಯ ಮೆಟ್ಟಿಲಿನಲ್ಲಿ ಅವಳು ಸಮುದ್ರಕ್ಕೆ ಕೈ ಮುಗಿದಿದ್ದಳೇ ಹೊರತು ರುಚಿ ನೋಡಿರಲಿಲ್ಲ. ನೋಡಿದ್ದವಳು ನಾನೊಬ್ಬಳೇ.

“ನೀ ಅವತ್ತ ನೆಕ್ಕಿದ್ದಿಯಲ್ಲಾ,” ಎಂದಳು. “ಬಾ ಇಲ್ಲೆ. ನೋಡಿ ಹೇಳು. ಸಮುದ್ರ ಆತೇನು?”

ನಾನು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದು, ಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡೆ. ಬೇಕೆಂದೇ ಇನ್ನೊಮ್ಮೆ ಅದ್ದಿ ನೆಕ್ಕಿದೆ.

“ಇನ್ನೊಂದು ಹಿಡಿ ಹಾಕ್ರಿ, ಅತ್ತಿ.”

ಅತ್ತೆ ಮರುಮಾತಿಲ್ಲದೆ ಹಾಕಿದಳು. ನಾನು ಮತ್ತೆ ನೋಡಿ ತಲೆಯಾಡಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಎಲೆಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

“ನೀನ ಅದ್ದು,” ಎಂದು ಹೇಳಿ, ರೊಟ್ಟಿ ಬಡಿಯಲು ಒಳಗೆ ಹೋದಳು.